ಗಣೇಶನ ಆರ್ಕೆಸ್ಟ್ರಾಗೆ ಇನ್ಶೂರೆನ್ಸ್ ಬೇಕಾ?

ಚಿಂತಾಮಣಿಯಲ್ಲಿ ಗಣೇಶನ ಆರ್ಕೆಸ್ಟ್ರಾ ಇಡುತ್ತಿದ್ದೀವಿ, 1991ರ ಪಬ್ಲಿಕ್ ಲಯಬಿಲಿಟಿ ಕಾಯ್ದೆ ಪ್ರಕಾರ ಇನ್ಶೂರೆನ್ಸ್ ಕಡ್ಡಾಯನಾ ಅಂತ ಕೇಳಿದ್ದೀರಿ. ಇಲ್ಲ ಸರ್. ಅದು ಭೋಪಾಲ್ ದುರಂತದ ನಂತರ ಬಂದದ್ದು, ಅಪಾಯಕಾರಿ ರಾಸಾಯನಿಕ ಇಟ್ಟುಕೊಳ್ಳುವವರಿಗೆ. ಆದರೂ ಮಾಡಿಸಿ. ಲೈಟ್ ಕಟ್ಟಿದ ಕಂಬ ಯಾರ ತಲೆ ಮೇಲಾದರೂ ಬಿದ್ದರೆ ಜನ ಪರಿಹಾರ ಕೇಳುವುದು ಸಮಿತಿಯನ್ನೇ, ಪೆಂಡಾಲ್‌ನವನು ಅಷ್ಟೊತ್ತಿಗೆ ಫೋನ್ ಎತ್ತಲ್ಲ ಬಿಡಿ. ಎಲ್‌ಐಸಿ ಏಜೆಂಟರನ್ನು ಸುಮ್ನೆ ಕೇಳಬೇಡಿ, ಅದು ಜೀವ ವಿಮೆ. ಜನರಲ್ ಇನ್ಶೂರೆನ್ಸ್ ಕಂಪನಿಯಲ್ಲಿ ಈವೆಂಟ್ ಲಯಬಿಲಿಟಿ (ಕಾರ್ಯಕ್ರಮದಲ್ಲಿ ಬೇರೆಯವರಿಗೆ ಹಾನಿಯಾದರೆ ಪರಿಹಾರ ಕೊಡುವ ಪಾಲಿಸಿ) ಅಂತ ಕೇಳಿ, ಪಟಾಕಿ, ವಿಸರ್ಜನೆ ಮೆರವಣಿಗೆ ಎರಡೂ ಸೇರಿವೆಯಾ ಅಂತ ಪಾಲಿಸಿಯಲ್ಲೇ ನೋಡಿಕೊಳ್ಳಿ. ಸ್ಟೇಜ್ ಕಟ್ಟುವ ನಿಮ್ಮ ಕೂಲಿಯವರು ಸಾಮಾನ್ಯವಾಗಿ ಇದರಲ್ಲಿ ಬರಲ್ಲ, ಅವರಿಗೆ ಬೇರೆ ಪಾಲಿಸಿ. ಇನ್ನು ಬೆಸ್ಕಾಂನಿಂದ ತಾತ್ಕಾಲಿಕ ಕನೆಕ್ಷನ್ ತಗೊಳ್ಳದೆ ತಂತಿಗೆ ಕೊಕ್ಕೆ ಹಾಕಿದ್ದರೆ ಕ್ಲೇಮ್ ಕೈಗೆ ಬರುವುದು ಕಷ್ಟವೇ.