ಬಾರದ ಹಿಂಬಾಕಿಯ ಲೆಕ್ಕ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವೈಯಕ್ತಿಕ ವಿವರಗಳನ್ನು ಬದಲಿಸಲಾಗಿದೆ.)

2025ರ ಜೂನ್‌ನಲ್ಲಿ ನನ್ನ ಬಳಿಗೆ ಮೊದಲು ಬಂದವರು ಪತ್ನಿ. ರಾಜ್ಯದ ಸಾರಿಗೆ ನಿಗಮವೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಚಾಲಕ ಕಂ ನಿರ್ವಾಹಕರಾಗಿರುವ ಪತಿ ಡ್ಯೂಟಿ ಮುಗಿಸಿ ಬಂದರೂ ನಿದ್ದೆ ಮಾಡುವುದಿಲ್ಲ, ಮನೆಖರ್ಚಿನ ಮಾತೆತ್ತಿದರೆ ಎದ್ದು ಹೊರಗೆ ಹೋಗುತ್ತಾರೆ, ಸಂಬಳವನ್ನು ಬೇರೆಲ್ಲೋ ಕೊಡುತ್ತಿರಬೇಕು ಎಂಬುದು ಅವರ ಅನುಮಾನವಾಗಿತ್ತು. ನಾನೂ ಆ ದಿನ ಇದನ್ನು ದಾಂಪತ್ಯದ ಸಮಸ್ಯೆಯೆಂದೇ ಬರೆದುಕೊಂಡೆ; ಅದು ನನ್ನ ಆತುರ.

ಎರಡನೆಯ ಭೇಟಿಗೆ ಪತಿಯೂ ಬಂದರು. ಬಹಳ ಹೊತ್ತು ಸುಮ್ಮನಿದ್ದು, ಖಾಕಿ ಅಂಗಿಯ ಜೇಬಿನಿಂದ ಸಣ್ಣ ಡೈರಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದರ ಒಂದು ಪುಟದಲ್ಲಿ ‘ಅರಿಯರ್ಸ್ 38 ತಿಂಗಳು’ ಎಂದು ಬರೆದು, ಸುಮಾರು ಒಂದೂವರೆ ಲಕ್ಷ ರೂಪಾಯಿಯನ್ನು ಜಮೆಗೆ ಹಾಕಿ, ಅದರಿಂದ ಮಗಳ ಕಾಲೇಜು ಶುಲ್ಕಕ್ಕೆ ತಂದ ಕೈಸಾಲ, ಎತ್ತಿದ ಚೀಟಿಯ ಕಂತು, ಸೊಸೈಟಿ ಸಾಲ ಎಲ್ಲವನ್ನೂ ಕಳೆದಿದ್ದರು. ಆ ಹಣ ಮಾತ್ರ ಇನ್ನೂ ಬಂದಿರಲಿಲ್ಲ.

ಹಿನ್ನೆಲೆ ಹೀಗಿದೆ. ಸಾರಿಗೆ ನೌಕರರ ವೇತನ ಪರಿಷ್ಕರಣೆ ನಾಲ್ಕು ವರ್ಷಕ್ಕೊಮ್ಮೆ ಆಗಬೇಕಾದದ್ದು. 2019ರ ಡಿಸೆಂಬರ್ 31ಕ್ಕೆ ಅವಧಿ ಮುಗಿದ ಮೇಲೆ 2020ರ ಜನವರಿ 1ರಿಂದ ಹೊಸ ವೇತನ ಜಾರಿಯಾಗಬೇಕಿತ್ತು. ಸರ್ಕಾರ ಮೂಲ ವೇತನಕ್ಕೆ ಶೇ 15ರಷ್ಟು ಹೆಚ್ಚಳ ಕೊಟ್ಟದ್ದು 2023ರ ಮಾರ್ಚ್ 1ರಿಂದ. ನಡುವಿನ 38 ತಿಂಗಳ ಹೆಚ್ಚಳದ ಹಿಂಬಾಕಿ ವಿವಾದಕ್ಕೆ ಸಿಕ್ಕಿಕೊಂಡಿತು. 2024ರ ಜನವರಿಯಿಂದ ಆಗಬೇಕಿದ್ದ ಮುಂದಿನ ಪರಿಷ್ಕರಣೆಯೂ ಬಾಕಿ ಬಿತ್ತು. ಇವರು 2021ರ ಏಪ್ರಿಲ್ ಮುಷ್ಕರದಲ್ಲಿ ಭಾಗವಹಿಸಿ, ವರ್ಗಾವಣೆಯಾಗಿ, ಒಂದು ವರ್ಷ ಪರಊರಿನ ಡಿಪೋದಲ್ಲಿ ಕಳೆದಿದ್ದರು. ಈಗ ಮತ್ತೆ ಮುಷ್ಕರದ ಮಾತು ಕೇಳಿಬರುತ್ತಿತ್ತು.

ಆದರೆ ಅವರ ನಿದ್ದೆ ಕೆಡಿಸಿದ್ದು ಡಿಪೋದ ವಿಶ್ರಾಂತಿ ಕೊಠಡಿಯಲ್ಲಿ ಕಿವಿಗೆ ಬಿದ್ದ ಒಂದು ಮಾತು. “ಅಗ್ರಿಮೆಂಟೇ ಮುಗಿದುಹೋಗಿದೆ ಮೇಡಂ, ಇನ್ನು ಈಗಿರೋ ಸಂಬಳಾನೂ ಇಳಿಸಬಹುದಂತೆ. ಕೇಳೋರು ಯಾರು?” ಎಂದರು. ಇದನ್ನು ಅವರು ಪತ್ನಿಗೂ ಹೇಳಿರಲಿಲ್ಲ.

ಕಾನೂನು ನನ್ನ ವಿಷಯವಲ್ಲವಾದ್ದರಿಂದ, ಅವರ ಒಪ್ಪಿಗೆ ಪಡೆದು ಕಾರ್ಮಿಕ ವಕೀಲರೊಬ್ಬರ ಅಭಿಪ್ರಾಯ ಕೇಳಿದೆ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 19ನೇ ಕಲಮಿನ ಪ್ರಕಾರ, ನೌಕರರೂ ಆಡಳಿತವೂ ಮಾಡಿಕೊಂಡ ವೇತನ ಒಪ್ಪಂದದ ಅವಧಿ ಮುಗಿದ ಮಾತ್ರಕ್ಕೆ ಅದು ಬಿದ್ದುಹೋಗುವುದಿಲ್ಲ. ಒಂದು ಪಕ್ಷ ಲಿಖಿತ ನೋಟಿಸ್ ಕೊಟ್ಟು ಎರಡು ತಿಂಗಳು ಕಳೆಯುವವರೆಗೂ ಅದು ಎರಡೂ ಕಡೆಯವರನ್ನು ಕಟ್ಟಿಹಾಕುತ್ತದೆ. ಜೀವ ವಿಮಾ ನಿಗಮದ ನೌಕರರು 1974ರ ಒಪ್ಪಂದದ ಬೋನಸ್‌ಗಾಗಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1980ರಲ್ಲಿ ಇನ್ನೂ ಮುಂದೆ ಹೋಗಿ, ನೋಟಿಸ್ ಕೊಟ್ಟ ಮೇಲೂ ಹೊಸ ಒಪ್ಪಂದವೋ ತೀರ್ಪೋ ಬಂದು ಅದರ ಜಾಗ ತುಂಬುವವರೆಗೆ ಹಳೆಯ ಷರತ್ತುಗಳೇ ನಡೆಯುತ್ತವೆ ಎಂದು ಹೇಳಿತು. ವೇತನವನ್ನು ನೌಕರರಿಗೆ ತೊಂದರೆಯಾಗುವಂತೆ ಬದಲಿಸಬೇಕಾದರೆ 21 ದಿನಗಳ ಮುನ್ಸೂಚನೆ ಕೊಡಬೇಕೆಂಬ ನಿಯಮವೂ ಇತ್ತು. ಇಷ್ಟನ್ನು ಮೂರನೆಯ ಭೇಟಿಯಲ್ಲಿ ನಿಧಾನವಾಗಿ ಓದಿ ಹೇಳಿದಾಗ ಅವರು ಎರಡು ಸಲ ಕೇಳಿಸಿಕೊಂಡರು. ಪತ್ನಿ ಮಾತ್ರ, “ಇಷ್ಟು ದಿನ ಇದನ್ನ ಒಬ್ಬರೇ ಹೊತ್ಕೊಂಡಿದ್ರಾ?” ಎಂದು ಅತ್ತರು.

ನಾನು ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು ಡೈರಿಗೆ ಸಂಬಂಧಿಸಿದ್ದು. ತಿಂಗಳ ಲೆಕ್ಕವನ್ನು ಕೈಗೆ ಬರುವ ಸಂಬಳದ ಮೇಲೆ ಮಾತ್ರ, ಇಬ್ಬರೂ ಕೂತು ಬರೆಯಬೇಕು. ಹಿಂಬಾಕಿ ನ್ಯಾಯವಾದ ಬೇಡಿಕೆಯೇ ಇರಬಹುದು, ಆದರೆ ಅದು ಬರುವ ದಿನವನ್ನು ಸಂಘವಾಗಲಿ ಸರ್ಕಾರವಾಗಲಿ ಹೇಳಲಾರದೆ ಇರುವಾಗ ಅದರ ಮೇಲೆ ಹೊಸ ಸಾಲ ಎತ್ತಬಾರದು. (‘ಶೀಘ್ರದಲ್ಲೇ’ ಎಂಬ ಪದವನ್ನು ಎರಡೂ ಕಡೆಯವರು ಎಷ್ಟು ಉದಾರವಾಗಿ ಬಳಸುತ್ತಾರೆಂದರೆ, ಅದನ್ನು ಕೇಳಿದರೆ ಇವರ ಎದೆ ಬಡಿತವೇ ಏರುತ್ತಿತ್ತು.) ಮುಷ್ಕರಕ್ಕೆ ಹೋಗಬೇಕೋ ಬೇಡವೋ ಎಂಬುದನ್ನು ನಾನು ಹೇಳಲಿಲ್ಲ, ಸಂಧಾನ ನಡೆಯುತ್ತಿರುವಾಗ ಸಾರ್ವಜನಿಕ ಸೇವೆಯಲ್ಲಿ ಮುಷ್ಕರ ಕಾನೂನುಬಾಹಿರವಾಗುತ್ತದೆ ಎಂಬುದನ್ನು ತಿಳಿದುಕೊಂಡು, ಹಿಂದಿನ ವರ್ಗಾವಣೆ ಮನೆಯ ಮೇಲೆ ಹಾಕಿದ ಹೊರೆಯನ್ನು ಪತ್ನಿಯ ಬಾಯಿಂದಲೇ ಕೇಳಿ ನಿರ್ಧರಿಸಿ ಎಂದೆ. ನಿದ್ದೆಗೆಟ್ಟು ಬಸ್ ಓಡಿಸುವುದನ್ನು ಮಾತ್ರ ತಡಮಾಡದೆ ನಿಲ್ಲಿಸಬೇಕು, ವೈದ್ಯರನ್ನು ಕಂಡು ಕೆಲವು ವಾರ ಹಗಲು ಪಾಳಿ ಕೇಳಿಕೊಳ್ಳಬೇಕು ಎಂದು ಒತ್ತಿ ಹೇಳಿದೆ.

ಆಗಸ್ಟ್ 5ರಂದು ಮುಷ್ಕರ ಆರಂಭವಾಗಿ, ಹೈಕೋರ್ಟ್ ಆದೇಶದ ಬಳಿಕ ನಿಂತಿತು. ಆ ದಿನ ತಮ್ಮ ವಾರದ ರಜೆಯಾಗಿತ್ತೆಂದು ಮುಂದಿನ ಭೇಟಿಯಲ್ಲಿ ಹೇಳಿ, ಮೊದಲ ಬಾರಿಗೆ ನಕ್ಕರು. ಡೈರಿಯಲ್ಲಿ ಹಿಂಬಾಕಿ ಈಗ ಕೊನೆಯ ಪುಟಕ್ಕೆ ಹೋಗಿದೆ. ಅಕ್ಷರ ಪತ್ನಿಯದು, ದಿನಾಂಕದ ಜಾಗ ಖಾಲಿ. ಹಗಲು ಪಾಳಿ ಸಿಕ್ಕಿದೆ, ನಾಲ್ಕೈದು ಗಂಟೆ ನಿದ್ದೆ ಬರುತ್ತಿದೆ. ವೈದ್ಯರ ಬಳಿಗೆ ಹೋಗುವುದನ್ನು ಇನ್ನೂ ಮುಂದೂಡುತ್ತಲೇ ಇದ್ದಾರೆ.