ಮೂರು ವರ್ಷ ಬಿಟ್ಟ ಮೇಲೆ ಮತ್ತೆ ಪಶ್ಚಿಮೋತ್ತಾನಾಸನ ಮಾಡಬಹುದಾ?

ಕಾಲು ಚಾಚಿ ಕೂತು ಮುಂದೆ ಬಗ್ಗುವ ಈ ಆಸನದಲ್ಲಿ ಮೊದಲು ಹಣೆ ಮಂಡಿಗೆ ತಾಗುತ್ತಿತ್ತು, ಈಗ ಕೈ ಕಾಲ್ಬೆರಳಿಗೂ ಸಿಗುತ್ತಿಲ್ಲ, ದಿನಾ ಸ್ವಲ್ಪ ಜೋರಾಗಿ ಬಗ್ಗಿದರೆ ಬೇಗ ಬರುತ್ತಾ ಅಂತ ಕೇಳಿದ್ದೀರಿ. ಖಂಡಿತ ಶುರು ಮಾಡಿ. ಆದರೆ ಜೋರು ಮಾತ್ರ ಬೇಡ. ನಾನು ಅದನ್ನೇ ಮಾಡಿ ಏಳು ತಿಂಗಳು ಕಷ್ಟಪಟ್ಟಿದ್ದೇನೆ.

ಅಮ್ಮ ಹಾಸಿಗೆ ಹಿಡಿದಿದ್ದ ಮೂರು ವರ್ಷ ನನ್ನ ಅಭ್ಯಾಸ ನಿಂತೇ ಹೋಗಿತ್ತು. ಆಮೇಲೆ ಒಂದು ದಿನ ಬೆಳಗ್ಗೆ ಎದ್ದವಳೇ ಚಾಪೆ ಹಾಸಿ ಕೂತೆ. ಮುಂಚೆ ಬರುತ್ತಿದ್ದದ್ದು ಈಗ ಯಾಕೆ ಬರಲ್ಲ ಅನ್ನುವ ಹಟ. ಕಾಲಿನ ಹೆಬ್ಬೆರಳು ಹಿಡಿದು ಎಳೆದೆ. ಎರಡು ವಾರ ದಿನಾ ಹಾಗೇ ಎಳೆದೆ. ಮೂರನೇ ವಾರ ಸ್ಕೂಟರ್ ಮೇಲೆ ಕೂತರೆ ಬಲಗಡೆ ಕುಂಡಿಯ ಕೆಳಗೆ, ಸರಿಯಾಗಿ ಮೂಳೆ ಊರುವ ಜಾಗದಲ್ಲಿ, ಬೆರಳಿಟ್ಟು ಒತ್ತಿದ ಹಾಗೆ ನೋವು. ಬಿಗಿ ಇದೆ, ಇನ್ನೂ ಎಳೆದರೆ ಬಿಡುತ್ತದೆ ಅಂದುಕೊಂಡೆ. ಎಳೆದಷ್ಟೂ ಜಾಸ್ತಿಯಾಯಿತು.

ಯಾಕೆ ಹಾಗಾಯಿತು ಅಂತ ಫಿಸಿಯೋಥೆರಪಿಸ್ಟ್ ಹೇಳಿದ ಮೇಲೆ ಗೊತ್ತಾಯಿತು. ತೊಡೆಯ ಹಿಂದೆ ಇರುವ ಮೂರು ಸ್ನಾಯುಗಳು ನಾವು ಕೂರುವ ಆ ಮೂಳೆಯಿಂದಲೇ ಹೊರಟು, ಮಂಡಿ ದಾಟಿ, ಕೆಳಗೆ ಅಂಟಿಕೊಳ್ಳುತ್ತವೆ. ಮುಂದೆ ಬಗ್ಗಿದಾಗ ಅವುಗಳ ಮೇಲ್ತುದಿಯ ನಾರು ಮೂಳೆಗೆ ಒತ್ತಿಕೊಳ್ಳುತ್ತದೆ. ಅಲ್ಲೇ ನೋವಿರುವಾಗ ಎಳೆಯುವುದು ಗಾಯ ಕೆರೆದ ಹಾಗೆ. ಅವರು ಬಗ್ಗುವುದನ್ನೇ ನಿಲ್ಲಿಸಿ, ಸೇತುಬಂಧಾಸನದ ಹಾಗೆ ಅಂಗಾತ ಮಲಗಿ ಸೊಂಟ ಎತ್ತುವ ವ್ಯಾಯಾಮ ಕೊಟ್ಟರು. ಮೊದಲು ಸ್ನಾಯುವಿಗೆ ಬಲ ಬರಲಿ ಅಂದರು.

ಹಾಗಾಗಿ ಎಳೆತ ಎಲ್ಲಿ ಗೊತ್ತಾಗುತ್ತಿದೆ ಅಂತ ದಿನಾ ನೋಡಿಕೊಳ್ಳಿ. ತೊಡೆಯ ಹಿಂದೆ ನಡುಮಧ್ಯದಲ್ಲಿ ಹಿತವಾಗಿ ಎಳೆದರೆ ಸರಿ. ಕೂರುವ ಮೂಳೆಯ ಹತ್ತಿರವೋ ಮಂಡಿಯ ಹಿಂದೆಯೋ ಚುಚ್ಚಿದರೆ ಮಂಡಿ ಸ್ವಲ್ಪ ಮಡಚಿ, ಹಿಂದಕ್ಕೆ ಬನ್ನಿ. ಕಾಲಿನುದ್ದಕ್ಕೂ ಜುಮ್ಮೆಂದು ಇಳಿದರೆ ಅವತ್ತಿಗೆ ಸಾಕು. ಮತ್ತೆ ಹಾಗೇ ಆದರೆ ಡಾಕ್ಟರಿಗೆ ತೋರಿಸಿ.

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಅದರ ಅಂಚಿನ ಮೇಲೆ ಕೂರುತ್ತೇನೆ. ಸೊಂಟ ನಾಲ್ಕು ಬೆರಳು ಎತ್ತರವಾದರೆ ಸಾಕು, ಬೆನ್ನು ಗೂನಾಗದೆ ಬಗ್ಗಬಹುದು. ಅಮ್ಮನ ಒಂದು ಹಳೇ ನೂಲಿನ ಸೀರೆ ಇದೆ. ಅದನ್ನು ಹಗ್ಗದ ಹಾಗೆ ಮಡಚಿ ಅಂಗಾಲಿಗೆ ಹಾಕಿ ಎರಡೂ ತುದಿ ಹಿಡಿಯುತ್ತೇನೆ. ಹೊಸ ಸೀರೆ ಜಾರುತ್ತದೆ, ಒಗೆದು ಒಗೆದು ಮೆತ್ತಗಾದದ್ದೇ ಒಳ್ಳೆಯದು. ಆಮೇಲೆ ಹೊಕ್ಕುಳನ್ನು ತೊಡೆಯ ಕಡೆ ತರುತ್ತೇನೆ, ಹಣೆಯನ್ನಲ್ಲ. ಹಣೆ ತಾಗಿಸಲು ಹೋದರೆ ಬೆನ್ನು ಬಾಗುತ್ತದೆ, ತೊಡೆ ಇದ್ದಲ್ಲೇ ಇರುತ್ತದೆ.

ಬೆಲ್ಟು, ಕಂಬಳಿ, ಇಟ್ಟಿಗೆ ಇಟ್ಟುಕೊಳ್ಳಲು ನಾಚಿಕೆ ಬೇಡ. ಅವನ್ನು ಲೋಕಕ್ಕೆಲ್ಲ ಪರಿಚಯಿಸಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲೇ 1918ರಲ್ಲಿ ಹುಟ್ಟಿದವರು. ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಬಂದು ಸೊರಗಿದ ಹುಡುಗನಾಗಿಯೇ ಮೈಸೂರಿಗೆ ಯೋಗ ಕಲಿಯಲು ಹೋದವರು. ಬಗ್ಗದ ಮೈಯ ಕಷ್ಟ ಅವರಿಗೆ ಗೊತ್ತಿತ್ತು.

ಹೊತ್ತಿನ ವಿಷಯ. ಒಂದು ಸಲಕ್ಕೆ 30 ಸೆಕೆಂಡ್, ಎರಡು ಸಲ. ವಾರಕ್ಕೆ ಮೂರು ದಿನ ಮಾಡಿದರೂ ನಡೆಯುತ್ತದೆ. ಎದ್ದ ತಕ್ಷಣ ಮಾತ್ರ ಬೇಡ. ರಾತ್ರಿ ಮಲಗಿದ್ದಾಗ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ, ಆಗ ಬಗ್ಗಿದರೆ ಅವುಗಳ ಮೇಲೆ ಒತ್ತಡ ಜಾಸ್ತಿ. ನಾನು ಮನೆಗೆಲಸ ಮುಗಿಸಿ, ಹತ್ತು ನಿಮಿಷ ನಡೆದು ಬಂದು ಸಂಜೆ ಕೂರುತ್ತೇನೆ. ಸಂಜೆಯ ಮೈ ಬೇರೆಯೇ, ನೀವೇ ನೋಡಿ.

ಇನ್ನೊಂದು ಮಾತು. ಮೊದಲ ಕೆಲವು ವಾರಗಳಲ್ಲಿ ಬಗ್ಗುವುದು ಜಾಸ್ತಿಯಾದರೆ ಸ್ನಾಯು ಉದ್ದವಾಯಿತು ಅಂದುಕೊಳ್ಳಬೇಡಿ. ಆ ಎಳೆತವನ್ನು ತಾಳಿಕೊಳ್ಳಲು ಮೈ ಒಪ್ಪಿಕೊಂಡಿದೆ, ಹೆಚ್ಚಾಗಿ ಅಷ್ಟೇ. ಹೆದರಿಸಿದರೆ ಅದು ಒಪ್ಪುವುದಿಲ್ಲ. ಅದಕ್ಕೇ ಉಸಿರು ಬಿಗಿ ಹಿಡಿದರೆ ಬಗ್ಗಲು ಆಗಲ್ಲ, ನಿಧಾನವಾಗಿ ಬಿಟ್ಟರೆ ಒಂದು ಬೆರಳಷ್ಟು ಮುಂದೆ ಹೋಗುತ್ತದೆ.

ನನಗೆ ಈಗ ಕೈ ಹಿಮ್ಮಡಿಯವರೆಗೂ ಹೋಗುತ್ತದೆ. ಹಣೆ ಇನ್ನೂ ಮಂಡಿಗೆ ತಾಗಿಲ್ಲ, ಆ ಕಡೆ ನೋಡುವುದನ್ನೂ ಬಿಟ್ಟಿದ್ದೇನೆ. ನೀವು ಬಗ್ಗಿದಾಗ ಎಳೆತ ಎಲ್ಲಿ ಗೊತ್ತಾಗುತ್ತದೆ ಅಂತ ಬರೆದಿಲ್ಲ. ಅದನ್ನು ಬರೆಯಿರಿ, ಕಂಬಳಿ ಎಷ್ಟು ಎತ್ತರ ಬೇಕು ಅಂತ ಹೇಳುತ್ತೇನೆ.