ಪದವಿಗೂ ಈಜಿಗೂ ಏನು ನಂಟು?

ಪ್ರಶ್ನೆ: ಮಗಳಿಗೆ ಅಮೆರಿಕದ ಎಂಐಟಿಯಲ್ಲಿ ಬಿಎಸ್ ಸೀಟು ಸಿಕ್ಕಿದೆ. ಈಜು ಬಾರದಿದ್ದರೆ ಡಿಗ್ರಿ ಕೊಡುವುದಿಲ್ಲವಂತೆ, ಹೌದೇ? ಅವಳು ಇದುವರೆಗೆ ನೀರಿಗಿಳಿದವಳೇ ಅಲ್ಲ. ಹೊರಡಲು ಎರಡು ತಿಂಗಳಿದೆ.
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ನಿಯಮ ಇರುವುದು ಹೌದು. ಆದರೆ ಈಜು ಬರದ ಕಾರಣಕ್ಕೆ ಯಾರನ್ನೂ ಮನೆಗೆ ಕಳಿಸುವುದಿಲ್ಲ. ಪರೀಕ್ಷೆ 100 ಗಜದ್ದು, ಅಂದರೆ ಸುಮಾರು 91 ಮೀಟರ್. ನಡುವೆ ನಿಲ್ಲದೆ ಮುಗಿಸಬೇಕು. ಎಷ್ಟು ಹೊತ್ತು ಹಿಡಿದರೂ ಸರಿ, ಯಾವ ಶೈಲಿಯಾದರೂ ಸರಿ. ಆಗದಿದ್ದರೆ ಅಲ್ಲಿಯೇ ಕಲಿಯುವವರ ಈಜು ತರಗತಿಗೆ ಸೇರಬಹುದು, ಅದು ದೈಹಿಕ ಶಿಕ್ಷಣದ ಲೆಕ್ಕಕ್ಕೂ ಬರುತ್ತದೆ. ಆದರೂ ಇಲ್ಲಿಂದಲೇ ಕಲಿತು ಹೋಗುವುದು ಮೇಲು: ಹೊಸ ಊರು, ಹೊಸ ಪಾಠಗಳ ನಡುವೆ ನೀರಿನ ಭಯವೂ ಸೇರುವುದು ಬೇಡ.

ನಿಮ್ಮೂರಿನ ಕೊಳದಲ್ಲಿ ಮಹಿಳೆಯರ ಬ್ಯಾಚ್ ಇದೆಯೇ ವಿಚಾರಿಸಿ. ವಾರಕ್ಕೆ ಐದು ದಿನ, ದಿನಕ್ಕೆ ಮುಕ್ಕಾಲು ಗಂಟೆ ಸಾಕು. ಹತ್ತಿಯ ಚೂಡಿದಾರ ಬೇಡವೇ ಬೇಡ. ಅದು ನೀರು ಕುಡಿದು ಭಾರವಾಗಿ ಕಾಲನ್ನು ಎಳೆಯುತ್ತದೆ. ಮೈ ಮುಚ್ಚಬೇಕೆಂದರೆ ನೈಲಾನ್-ಲೈಕ್ರಾದ ಉದ್ದ ತೋಳಿನ, ಪೂರ್ತಿ ಕಾಲಿನ ಈಜುಡುಪು ಸಿಗುತ್ತದೆ.

ಮೊದಲ ವಾರ ಕೈಕಾಲು ಬಡಿಯುವ ಕೆಲಸವೇ ಇಲ್ಲ. ಕೊಳದ ಅಂಚು ಹಿಡಿದು, ಮುಖ ಮುಳುಗಿಸಿ, ಬಾಯಿ-ಮೂಗಿನಿಂದ ನಾಲ್ಕೈದು ಸೆಕೆಂಡ್ ನಿಧಾನವಾಗಿ ಉಸಿರು ಬಿಡುವುದು, ತಲೆ ಎತ್ತಿ ಎಳೆದುಕೊಳ್ಳುವುದು. ದಿನಕ್ಕೆ ಇಪ್ಪತ್ತು ಸಲ. ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲೇ. ಉಸಿರು ಬಿಗಿಹಿಡಿದಾಗ ಒಳಗೆ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ಎದೆ ಕಟ್ಟಿದಂತಾಗುತ್ತದೆ. ಆಮ್ಲಜನಕ ಇನ್ನೂ ಬೇಕಾದಷ್ಟು ಇದ್ದರೂ ಮುಳುಗಿಹೋದೆ ಅನ್ನಿಸುತ್ತದೆ. ಪೂರ್ತಿ ಉಸಿರು ಬಿಟ್ಟವರಿಗೆ ಈ ಗಾಬರಿ ಹತ್ತುವುದಿಲ್ಲ.

ಆಮೇಲೆ ತೇಲುವುದು. ಗಲ್ಲ ಒಳಗೆಳೆದು ತಳವನ್ನು ನೋಡುತ್ತಿದ್ದರೆ ಸೊಂಟ ತಾನಾಗಿ ಮೇಲೆ ಬರುತ್ತದೆ. ಮುಂದೆ ನೋಡಲು ತಲೆ ಎತ್ತಿದಿರೋ, ಕಾಲು ಮುಳುಗಿತು. ಗೋಡೆ ಒದ್ದು ಜಾರುವುದು, ಮಂಡಿಯಿಂದಲ್ಲ, ತೊಡೆಯ ಬುಡದಿಂದ ಕಾಲಾಡಿಸುವುದು, ಕೊನೆಗೆ ಕೈ. ಬೆನ್ನಮೇಲಿನ ಈಜನ್ನು ಬಿಡಬಾರದು. ದಣಿದಾಗ ತಿರುಗಿ ಮಲಗಿ ಕಾಲಾಡಿಸುತ್ತ ಮುಂದುವರಿದರೂ ಅದು ಈಜೇ. ಕಿವಿ ನೀರಿನೊಳಗಿರಲಿ, ಹೊಕ್ಕುಳು ಮೇಲಿರಲಿ.

ಐದನೇ ವಾರದಿಂದ ದೂರದ ಲೆಕ್ಕ. 25 ಮೀಟರ್ ಈಜಿ ಒಂದು ನಿಮಿಷ ವಿರಾಮ, ಹೀಗೆ ನಾಲ್ಕು ಸಲ. ಎರಡು ಮೂರು ದಿನಕ್ಕೊಮ್ಮೆ ವಿರಾಮವನ್ನು ಅರ್ಧ ನಿಮಿಷಕ್ಕೆ, ಹದಿನೈದು ಸೆಕೆಂಡಿಗೆ ಇಳಿಸುತ್ತ ಬಂದು ಕೊನೆಗೆ ಪೂರ್ತಿ ತೆಗೆದುಬಿಡಿ. ಮೊದಲ 25 ಮೀಟರನ್ನೇ ಓಟದ ಸ್ಪರ್ಧೆಯಂತೆ ಹೊಡೆದವರು ಮೂರನೆಯದರಲ್ಲಿ ನಿಲ್ಲುತ್ತಾರೆ. ಕಾಲು ಎಟುಕುವ ಕಡೆಯಲ್ಲೇ ಕಲಿತವರಿಗೆ ಆಳದಲ್ಲಿ ಧೈರ್ಯ ಕುಸಿಯುತ್ತದೆ. ಆದ್ದರಿಂದ ಕೊನೆಯ ಎರಡು ವಾರ ತರಬೇತುದಾರರ ಎದುರಿನಲ್ಲಿ ಆಳದ ಕಡೆಯೇ ಅಭ್ಯಾಸ ನಡೆಯಲಿ. ನೀರಿನಡಿ ಉಸಿರು ಹಿಡಿಯುವ ಪಂದ್ಯ ಮಾತ್ರ ಬೇಡ, ಅದರಲ್ಲಿ ಪ್ರಜ್ಞೆ ತಪ್ಪುವ ಅಪಾಯವಿದೆ.

ಪ್ರಶ್ನೆ: ನಮ್ಮ ಹುಡುಗ ತೋಟದ ಬಾವಿಯಲ್ಲಿ ಸೋರೆಬುರುಡೆ ಕಟ್ಟಿಕೊಂಡು ಕಲಿತವನು. ಅಲ್ಲಿ ಅದು ನಡೆಯುತ್ತದೆಯೇ?
– ಒಬ್ಬ ತಂದೆ, ಕೊಪ್ಪಳ

ಉತ್ತರ: ಚೆನ್ನಾಗಿ ನಡೆಯುತ್ತದೆ. ಬಾವಿಯಲ್ಲಿ ಕಲಿತವರಿಗೆ ಆಳದ ಭಯ ಇರುವುದಿಲ್ಲ, ಅದೇ ದೊಡ್ಡ ಆಸ್ತಿ. ಕೊರತೆ ಒಂದೇ: ನಾಲ್ಕು ಕೈ ಹೊಡೆದರೆ ಮೆಟ್ಟಿಲೋ ಗೋಡೆಯೋ ಸಿಗುತ್ತದೆ, ಹಾಗಾಗಿ ಒಂದೇ ಸಮನೆ 90 ಮೀಟರ್ ಹೋದ ಅಭ್ಯಾಸ ಇರುವುದಿಲ್ಲ. ತಲೆ ಎತ್ತಿಕೊಂಡೇ ಈಜುವ ರೂಢಿಯಿಂದ ಕತ್ತು, ಸೊಂಟ ಬೇಗ ಸೋಲುತ್ತವೆ. ಒಂದು ತಿಂಗಳು ಕೊಳದಲ್ಲಿ ಮುಖ ಮುಳುಗಿಸಿ ಈಜಲು ಹೇಳಿ.

ಪ್ರಶ್ನೆ: ಎಂಎಸ್ ಓದಲು ಹೋಗುವವರಿಗೂ ಇದು ಕಡ್ಡಾಯವೇ?
– ಒಬ್ಬ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಅಲ್ಲ. ಎಂಐಟಿಯ ನಿಯಮ ಪದವಿ ತರಗತಿಯವರಿಗೆ ಮಾತ್ರ. ನ್ಯೂಯಾರ್ಕಿನ ಕೊಲಂಬಿಯಾದಲ್ಲೂ ಕೊಲಂಬಿಯಾ ಕಾಲೇಜಿನ ಪದವಿ ವಿದ್ಯಾರ್ಥಿಗಳಿಗೆ 75 ಗಜದ ಪರೀಕ್ಷೆ ಇಟ್ಟಿದ್ದರು, ಎಂಜಿನಿಯರಿಂಗ್‌ನವರಿಗೆ ಇರಲಿಲ್ಲ. ಷಿಕಾಗೊ ವಿಶ್ವವಿದ್ಯಾಲಯ 2012ರಲ್ಲೇ ಕೈಬಿಟ್ಟಿತು. ಚೀನಾದ ತ್ಸಿಂಗ್‌ಹ್ವಾ ತದ್ವಿರುದ್ಧವಾಗಿ 2017ರಲ್ಲಿ 50 ಮೀಟರಿನ ನಿಯಮ ತಂದಿತು. ಸೇರುವ ವರ್ಷದ ಕೈಪಿಡಿಯನ್ನೇ ನೋಡಿಕೊಳ್ಳಿ.

ಪ್ರಶ್ನೆ: ಟೈಟಾನಿಕ್‌ನಲ್ಲಿ ಮಗನನ್ನು ಕಳೆದುಕೊಂಡ ತಾಯಿ ಹಾಕಿದ ಷರತ್ತಿನಿಂದ ಈ ಪರೀಕ್ಷೆ ಹುಟ್ಟಿತಂತೆ?
– ಓದುಗರು, ಧಾರವಾಡ

ಉತ್ತರ: ಹ್ಯಾರಿ ವೈಡನರ್ 1912ರಲ್ಲಿ ಆ ಹಡಗಿನಲ್ಲಿ ತೀರಿಕೊಂಡದ್ದೂ ಅವರ ತಾಯಿ ಹಾರ್ವರ್ಡ್‌ಗೆ ಗ್ರಂಥಾಲಯ ಕಟ್ಟಿಸಿಕೊಟ್ಟದ್ದೂ ನಿಜ. ಈಜಿನ ಷರತ್ತು ಕಟ್ಟುಕಥೆ.

ಪ್ರಶ್ನೆ: ಇಂಗ್ಲೆಂಡಿನಲ್ಲಿದ್ದೇವೆ. ಮಗ ಐದನೇ ಇಯರ್. ಶಾಲೆಯವರು ಈಜಿಗೆ ಕರೆದೊಯ್ಯುತ್ತಾರೆ, ಇನ್ನೂ 10 ಮೀಟರೂ ದಾಟಿಲ್ಲ. ಮುಂದಿನ ತರಗತಿಗೆ ತೊಂದರೆಯಾದೀತೇ?
– ಒಬ್ಬ ತಾಯಿ, ರೆಡಿಂಗ್

ಉತ್ತರ: ಆಗುವುದಿಲ್ಲ. ಅಲ್ಲಿನ ರಾಷ್ಟ್ರೀಯ ಪಠ್ಯಕ್ರಮ ಆರನೇ ಇಯರ್ ಮುಗಿಯುವುದರೊಳಗೆ ಮಗು ಕನಿಷ್ಠ 25 ಮೀಟರ್ ಈಜಬೇಕು, ಬೇರೆಬೇರೆ ಶೈಲಿ ಬಳಸಬೇಕು, ನೀರಿನಲ್ಲಿ ತನ್ನನ್ನು ತಾನು ಕಾಪಾಡಿಕೊಳ್ಳಬೇಕು ಎನ್ನುತ್ತದೆ. ಆದರೆ ಇದು ಪಾಸು-ಫೇಲಿನ ಪರೀಕ್ಷೆಯಲ್ಲ. ಆದರೂ ಸುಮ್ಮನಿರಬೇಡಿ. ಶಾಲೆಯ ಪಾಠದಲ್ಲಿ ಬಟ್ಟೆ ಬದಲಿಸುವುದಕ್ಕೇ ಅರ್ಧ ಹೊತ್ತು ಹೋಗುತ್ತದೆ, ಶನಿವಾರ ನೀವೇ ಕರೆದೊಯ್ಯಿರಿ. ಮೇಲಿನ ಮೂರರಲ್ಲಿ ಕೊನೆಯದಕ್ಕೆ ಹೆಚ್ಚು ಬೆಲೆ ಕೊಡಿ. ಅಲ್ಲಿನ ನದಿ, ಕೆರೆಗಳು ಬೇಸಿಗೆಯಲ್ಲೂ ತಣ್ಣಗಿರುತ್ತವೆ. ಫಕ್ಕನೆ ಬಿದ್ದರೆ ಮೊದಲ ಒಂದೂವರೆ ನಿಮಿಷ ಉಸಿರು ಹತೋಟಿಗೆ ಸಿಗುವುದಿಲ್ಲ, ಆಗ ಕೈಕಾಲು ಬಡಿದರೆ ನೀರು ಒಳಹೋಗುತ್ತದೆ. ತಲೆ ಹಿಂದಕ್ಕೆ ಚೆಲ್ಲಿ, ಕಿವಿ ಮುಳುಗಿಸಿ, ಉಸಿರು ಸಮಕ್ಕೆ ಬರುವವರೆಗೆ ಬೆನ್ನಮೇಲೆ ತೇಲುತ್ತಿರಬೇಕು. ಆಮೇಲೆ ಕೂಗಬಹುದು, ದಡದತ್ತ ಈಜಬಹುದು. ಇದನ್ನು ಕೊಳದಲ್ಲಿ ಟೀ-ಶರ್ಟು, ಚಡ್ಡಿ ಹಾಕಿಸಿಯೇ ಒಂದೆರಡು ಬಾರಿ ಮಾಡಿಸಿ, ಕೊಳದವರನ್ನು ಮೊದಲೇ ಕೇಳಿಕೊಳ್ಳಿ.